ಕಾಳಿಗೆ ನಿಲ್ಲಿಸಿದ ಕಲ್ಲು: ಸಾಕುಪ್ರಾಣಿಯ ಸಮಾಧಿ, ಅದರ ಜಾಹೀರಾತು ಮತ್ತು ಗುಂಡಿ ತೋಡಿದ ಕೈ

ಮೊಬೈಲಿನಲ್ಲಿ ನಾಯಿಯ ವಿಡಿಯೊ ಎರಡು ಸಲ ನೋಡಿದರೆ ಸಾಕು, ಮೂರನೇ ಸಲ ನಾಯಿ ಬಿಸ್ಕತ್ತಿನ ಜಾಹೀರಾತು ಬಂದು ಕೂರುತ್ತದೆ. ಈಗೀಗ ಅದರ ಹಿಂದೆಯೇ ಇನ್ನೊಂದು ಬರುತ್ತಿದೆ. ಸತ್ತ ನಾಯಿ, ಬೆಕ್ಕುಗಳನ್ನು ಸುಡುವ, ಹೂಳುವ ಸೇವೆಯ ಜಾಹೀರಾತು. ಮನೆ ಬಾಗಿಲಿಗೆ ಗಾಡಿ ಕಳಿಸುತ್ತೇವೆ, ಹೂವಿನ ಹಾರ ಹಾಕುತ್ತೇವೆ, ಬೂದಿಯನ್ನು ಮಡಕೆಯಲ್ಲಿ ಕೊಡುತ್ತೇವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ ಎನ್ನುತ್ತದೆ ಅದು. ಕೆಳಗೆ ವಾಟ್ಸ್ಆ್ಯಪ್ ಗುರುತು.

ಇದನ್ನು ನಮ್ಮೂರ ಅರಳಿಕಟ್ಟೆಯಲ್ಲಿ ಓದಿ ಹೇಳಿದರೆ ಏನು ಉತ್ತರ ಬರುತ್ತದೆ ಅಂತ ನಿಮಗೂ ಗೊತ್ತು. "ಮನುಷ್ಯರಿಗೇ ಮಸಣಕ್ಕೆ ಜಾಗ ಇಲ್ಲ, ನಾಯಿಗೆ ಬೇರೆ ಕೇಡು" ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವೂ ಇದೆ. ಆದರೆ ಇದೆಲ್ಲ ಪಟ್ಟಣದವರ ಹೊಸ ಶೋಕಿ ಎಂದು ಅಲ್ಲಿಗೇ ಬಿಟ್ಟರೆ ತಪ್ಪಾಗುತ್ತದೆ. ಯಾಕೆಂದರೆ ನಾಯಿಗೆ ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸಿ, ಪೂಜೆಗೆ ಜನ ಗೊತ್ತುಮಾಡಿ, ಖರ್ಚಿಗೆ ಗದ್ದೆ ಬಿಟ್ಟ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಅದು ನಡೆದು 1,070 ವರ್ಷದ ಮೇಲಾಯಿತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನಾವು ದಿನಾ ಓಡಾಡುವ ಜಾಗ. ಆ ಊರು ಇವುಗಳ ಪಕ್ಕದಲ್ಲೇ, ಮದ್ದೂರು ತಾಲ್ಲೂಕಿನಲ್ಲಿದೆ. ಹೆಸರು ಆತಕೂರು. ಈಗ ಆತಗೂರು ಎನ್ನುತ್ತಾರೆ.

ರಾಜ ಬೇಡು ಅಂದ, ಸೇವಕ ನಾಯಿ ಕೇಳಿದ

ಕ್ರಿ.ಶ. 949ರ ಸುಮಾರು. ನಮ್ಮ ಸೀಮೆಯನ್ನು ಆಗ ಗಂಗರು ಆಳುತ್ತಿದ್ದರು. ಗಂಗರ ದೊರೆ ಇಮ್ಮಡಿ ಬೂತುಗ. ಅವನ ಮೇಲಿನ ಚಕ್ರವರ್ತಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ. ಕನ್ನರ ಎಂದೂ ಅವನನ್ನು ಕರೆಯುತ್ತಿದ್ದರು. ಇಬ್ಬರೂ ಭಾವ-ಮೈದುನರು. ಕೃಷ್ಣನ ಅಕ್ಕತಂಗಿಯರಲ್ಲಿ ಒಬ್ಬಳಾದ ರೇವಕ ಬೂತುಗನ ಹೆಂಡತಿ.

ಇವರಿಬ್ಬರೂ ಸೇರಿ ಚೋಳರ ಮೇಲೆ ದಂಡೆತ್ತಿ ಹೋದರು. ಈಗಿನ ತಮಿಳುನಾಡಿನ ಅರಕ್ಕೋಣದ ಹತ್ತಿರ ತಕ್ಕೋಲ ಎಂಬ ಊರಿದೆ. ಅಲ್ಲಿ ದೊಡ್ಡ ಕಾಳಗ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯ ಬೂತುಗನ ಕೈಯಲ್ಲಿ ಸತ್ತ. ದಕ್ಷಿಣ ಭಾರತದ ಚರಿತ್ರೆಯಲ್ಲಿ ತಕ್ಕೋಲದ ಯುದ್ಧ ಸಣ್ಣದಲ್ಲ. ಆ ಪೆಟ್ಟಿನಿಂದ ಚೋಳರು ಸುಧಾರಿಸಿಕೊಳ್ಳಲು ಹಲವು ದಶಕ ಹಿಡಿಯಿತು.

ಗೆದ್ದ ಸಂತೋಷದಲ್ಲಿ ಕೃಷ್ಣ ಬೂತುಗನಿಗೆ ನಾಡುನಾಡುಗಳನ್ನೇ ಕೊಟ್ಟ. ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಆಗಿನ ಕಾಲದಲ್ಲಿ ನಾಡಿನ ಹೆಸರಿನ ಜೊತೆಗೆ ಹೀಗೆ ಸಂಖ್ಯೆಯನ್ನೂ ಸೇರಿಸಿ ಹೇಳುತ್ತಿದ್ದರು.

ಬೂತುಗನ ಕಡೆಯ ಒಬ್ಬ ವೀರನಿದ್ದ. ಹೆಸರು ಮಣಲೆರ. ಅವನ ಕಾದಾಟ ನೋಡಿದ ಕೃಷ್ಣ ಮೆಚ್ಚಿದ, ಏನು ಬೇಕೋ ಕೇಳು ಎಂದ. ಎದುರಿಗೆ ಚಕ್ರವರ್ತಿ, ಗೆದ್ದ ಹುರುಪು ಬೇರೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ರಾಜನ ಹತ್ತಿರವಿದ್ದ ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಕಾಳಿ ಹೀಗೆ ನಮ್ಮ ಸೀಮೆಗೆ ಬಂತು. ಆಮೇಲೆ ಒಂದು ದಿನ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಅದನ್ನು ಬಿಟ್ಟರು. ನಾಯಿ ಹಿಂದೆ ಸರಿಯಲಿಲ್ಲ, ಹಂದಿಯೂ ಬಿಡಲಿಲ್ಲ. ಎರಡೂ ಅಲ್ಲೇ ಸತ್ತವು.

ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿದ. ಅದರಲ್ಲಿ ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರವಿದೆ, ಸುತ್ತ ಹಳೆಗನ್ನಡದ ಬರಹವಿದೆ. ನಾವೀಗ ಹೇಳಿದ ಕತೆಯೆಲ್ಲ ಆ ಕಲ್ಲೇ ಹೇಳುವುದು.

ಕಲ್ಲು ನಿಲ್ಲಿಸಿದರೆ ಮುಗಿಯಲಿಲ್ಲ

ವೀರಗಲ್ಲು ನಮಗೇನೂ ಹೊಸದಲ್ಲ. ಕಿಕ್ಕೇರಿ ಕಡೆ ಹೋಗಿ, ನಾಗಮಂಗಲದ ಕಡೆ ಹೋಗಿ, ಕೆರೆ ಏರಿ ಮೇಲೋ ಗುಡಿ ಪಕ್ಕದಲ್ಲೋ ಒಂದಾದರೂ ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು. ದನ ಕಾಯಲು ಹೋಗಿ ಸತ್ತವನಿಗೆ, ಊರು ಉಳಿಸಲು ಸತ್ತವನಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಕಾಳಿಗೆ ಸಿಕ್ಕಿದ್ದೂ ಅದೇ ಮರ್ಯಾದೆ. ಅದು ಮುದ್ದಿಗೆ ಸಾಕಿದ ನಾಯಿ ಅಂತಲ್ಲ, ಕೆಲಸ ಮಾಡುತ್ತ ಸತ್ತ ನಾಯಿ ಅಂತ.

ಈ ಶಾಸನದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಕೊನೆಯ ಭಾಗ. ಕಲ್ಲು ನಿಲ್ಲಿಸಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಅದಕ್ಕೂ ಏರ್ಪಾಟು ಮಾಡಿದ್ದರು. ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಬಿತ್ತುವ ನೆಲವನ್ನು ಇದಕ್ಕೆಂದೇ ಬಿಟ್ಟರು. ಪೂಜೆಗೆ ಒಬ್ಬ ಗೊರವನನ್ನು ಗೊತ್ತುಮಾಡಿದರು. ಗೊರವ ಎಂದರೆ ಆ ಕಾಲದಲ್ಲಿ ಶೈವ ಪೂಜಾರಿ. ಇವತ್ತು ಕರಡಿ ಕೂದಲಿನ ಟೋಪಿ ಹಾಕಿ, ಡಮರು ಹಿಡಿದು ಕುಣಿಯುವ ಮೈಲಾರಲಿಂಗನ ಗೊರವರನ್ನು ನೀವು ಜಾತ್ರೆಗಳಲ್ಲಿ ನೋಡಿದ್ದೀರಿ. ಆ ಹೆಸರು ಅಷ್ಟು ಹಳೆಯದು.

ಗೊರವನಿಗೆ ಒಂದು ಕಟ್ಟಳೆಯೂ ಇತ್ತು. ಆ ಕಲ್ಲಿಗೆ ಪೂಜೆ ಮಾಡದೆ ಅವನು ಉಣ್ಣುವಂತಿಲ್ಲ. ಉಂಡರೆ ಆ ನಾಯಿಯ ಪಾಪ ಅವನಿಗೆ. ಬಿಟ್ಟ ನೆಲವನ್ನು ಕೆಡಿಸಿದವರು ಯಾರೇ ಇರಲಿ, ಊರಾಳುವವರೇ ಇರಲಿ, ನಾಡಾಳುವವರೇ ಇರಲಿ, ಅವರಿಗೂ ಅದೇ.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ನಿರ್ವಹಣೆಯ ಕರಾರು. ಜಾಗ ಇಂಥದ್ದು, ಆದಾಯ ಇಂಥದ್ದು, ಜವಾಬ್ದಾರ ಇಂಥವನು, ತಪ್ಪಿದರೆ ದಂಡ ಇಂಥದ್ದು. ಎಲ್ಲವೂ ಬರವಣಿಗೆಯಲ್ಲಿ, ಎಲ್ಲರೂ ಓದುವ ಜಾಗದಲ್ಲಿ. ಈಗ ಮೊಬೈಲಿನಲ್ಲಿ ಸಾಕುಪ್ರಾಣಿಯ ಸಮಾಧಿ ಮಾರುವವರು ಶಾಶ್ವತ ನೆನಪು ಎಂದು ಬರೆಯುತ್ತಾರಲ್ಲ, ಆ ಶಾಶ್ವತಕ್ಕೆ ಗದ್ದೆ ಯಾವುದು, ಗೊರವ ಯಾರು ಎಂದು ಕೇಳಬೇಕು ಅನ್ನಿಸುವುದು ಇದಕ್ಕೇ.

ಕಲ್ಲೂ ಒಂದು ಜಾಹೀರಾತೇ

ಹಾಗಂತ ಮಣಲೆರ ಬರೀ ನಾಯಿಯ ಮೇಲಿನ ಪ್ರೀತಿಗೆ ಇಷ್ಟೆಲ್ಲ ಮಾಡಿದ ಎಂದುಕೊಳ್ಳುವುದೂ ಬೇಡ. ಆ ಕಲ್ಲಿನ ಬಹುಪಾಲು ಬರಹ ನಾಯಿಯ ಬಗ್ಗೆ ಅಲ್ಲ. ರಾಜರ ಬಿರುದು, ತಕ್ಕೋಲದ ಗೆಲುವು, ಯಾರಿಗೆ ಯಾವ ನಾಡು ಸಿಕ್ಕಿತು, ಮಣಲೆರನ ವಂಶ ಎಷ್ಟು ದೊಡ್ಡದು, ಇದೇ ಹೆಚ್ಚು. ಬೂತುಗ ಮಣಲೆರನಿಗೆ ಆತಕೂರು ಹನ್ನೆರಡನ್ನು ಕೊಟ್ಟ ಸಂಗತಿಯೂ ಅಲ್ಲೇ ಇದೆ.

ನಮ್ಮ ಕಡೆ ಸರ್ಕಲ್‌ಗಳಲ್ಲಿ ಕಟ್ಟುವ ಫ್ಲೆಕ್ಸ್ ನೆನಪು ಮಾಡಿಕೊಳ್ಳಿ. ಹುಟ್ಟುಹಬ್ಬ ಯಾರದೋ, ಮೇಲೆ ದೊಡ್ಡ ನಾಯಕರ ಮುಖ, ಕೆಳಗೆ ಶುಭ ಕೋರುವವರ ಸಾಲು. ಆತಕೂರಿನ ಕಲ್ಲೂ ಸ್ವಲ್ಪ ಹಾಗೇ. ಮೇಲೆ ಚಕ್ರವರ್ತಿ, ನಂತರ ದೊರೆ, ಆಮೇಲೆ ಮಣಲೆರ, ನಡುವೆ ಕಾಳಿ. ದೇವಾಲಯದ ಮುಂದೆ ನಿಲ್ಲಿಸಿದ್ದರಿಂದ ದರ್ಶನಕ್ಕೆ ಬಂದವರೆಲ್ಲ ನೋಡಲೇಬೇಕು. ಹೊಸದಾಗಿ ಊರಿನ ಒಡೆತನ ಸಿಕ್ಕವನಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಯಾವುದು?

ಹೀಗೆ ಹೇಳಿದರೆ ಕಾಳಿಯ ಬೆಲೆ ಕಮ್ಮಿಯಾಗುವುದಿಲ್ಲ. ದುಃಖ ನಿಜ ಇರಬಹುದು, ಅದರ ಜೊತೆ ಪ್ರಚಾರವೂ ಇರಬಹುದು. ಸತ್ತ ಪ್ರಾಣಿಯ ಸ್ಮಾರಕದಲ್ಲಿ ಇವೆರಡೂ ಮೊದಲಿಂದ ಜೊತೆಯಾಗೇ ಬಂದಿವೆ.

ಇನ್ನೊಂದು ಮಾತು. ತಕ್ಕೋಲದ ಯುದ್ಧದ ಬಗ್ಗೆ ಇವತ್ತು ಬರೆಯುವ ಚರಿತ್ರಕಾರರು ಈ ನಾಯಿಯ ಕಲ್ಲನ್ನು ಬಿಟ್ಟು ಬರೆಯಲಾರರು. ರಾಜರ ಕತೆ ನಮಗೆ ತಲುಪಿದ್ದರಲ್ಲಿ ಕಾಳಿಯ ಪಾಲು ದೊಡ್ಡದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಈ ಶಾಸನವನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಗ ಮಂಡ್ಯ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಗೆ ಸೇರಿತ್ತು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಕಲ್ಲು ಈಗ ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ.

ಅಂದರೆ ಗದ್ದೆ ಬಿಟ್ಟರೂ, ಪಾಪದ ಹೆದರಿಕೆ ಹಾಕಿದರೂ, ಪೂಜೆ ಈ ಕಾಲದ ತನಕ ನಡೆದುಬರಲಿಲ್ಲ. ಕಲ್ಲು ಮತ್ತು ಅಕ್ಷರ ಮಾತ್ರ ಉಳಿದವು.

ಪತ್ರಿಕೆಯ ಸುದ್ದಿಯಿಂದ ಹುಟ್ಟಿದ ವ್ಯಾಪಾರ

ಇದು ವ್ಯಾಪಾರ ಆದದ್ದು ಯಾವಾಗ? ಅದಕ್ಕೆ ಸ್ವಲ್ಪ ಹೊರಗೆ ಹೋಗಿ ಬರಬೇಕು.

ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1881ರಲ್ಲಿ ಚೆರ್ರಿ ಎಂಬ ನಾಯಿಯನ್ನು ಹೂಳಲು ಗೇಟಿನ ಕಾವಲುಗಾರ ತನ್ನ ಮನೆಯ ಹಿತ್ತಲಿನಲ್ಲಿ ಜಾಗ ಕೊಟ್ಟ. ಅಲ್ಲಿ ಓಡಾಡುವ ಮನೆಯವರಿಗೆ ಮಾಡಿದ ಉಪಕಾರ ಅದು. ಒಂದಾಯಿತು, ಎರಡಾಯಿತು, ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನೂರಾರು ಗೋರಿಗಳಾಗಿ ಹಿತ್ತಲು ತುಂಬಿಹೋಯಿತು.

ಅಮೆರಿಕದ ನ್ಯೂಯಾರ್ಕಿನ ಹತ್ತಿರ ಹಾರ್ಟ್ಸ್‌ಡೇಲ್ ಎಂಬ ಊರು. 1896ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಶುವೈದ್ಯರ ಹತ್ತಿರ ಒಬ್ಬ ಹೆಂಗಸು ಬಂದು, ನನ್ನ ನಾಯಿ ಸತ್ತಿದೆ, ಹೂಳಲು ಜಾಗ ಇಲ್ಲ ಎಂದಳು. ವೈದ್ಯರು ತಮ್ಮ ಸೇಬಿನ ತೋಟದಲ್ಲಿ ಹೂಳಿಕೊಳ್ಳಿ ಎಂದರು. ಇದನ್ನು ಅವರು ಮಾತಿನ ನಡುವೆ ಒಬ್ಬ ಪತ್ರಕರ್ತ ಗೆಳೆಯನಿಗೆ ಹೇಳಿದರು. ಆತ ಪತ್ರಿಕೆಯಲ್ಲಿ ಬರೆದ. ಅಷ್ಟೇ, ನಮಗೂ ಜಾಗ ಕೊಡಿ ಎಂದು ಜನ ಮುಗಿಬಿದ್ದರು. ಸೇಬಿನ ತೋಟ ಸ್ಮಶಾನವಾಯಿತು. ಅದು ಇವತ್ತಿಗೂ ನಡೆಯುತ್ತಿದೆ.

ಪ್ಯಾರಿಸ್ಸಿನದು ಬೇರೆ ದಾರಿ. ಸತ್ತ ನಾಯಿಗಳನ್ನು ಅಲ್ಲಿನ ಜನ ಸೇನ್ ನದಿಗೆ ಎಸೆಯುತ್ತಿದ್ದರು. 1898ರಲ್ಲಿ ಬಂದ ಕಾನೂನು, ಸತ್ತ ಪ್ರಾಣಿಯನ್ನು ನದಿಗೆ ಎಸೆಯಬಾರದು, ಮನೆಗಳಿಂದ ದೂರದಲ್ಲಿ ಹೂಳಬೇಕು ಎಂದಿತು. ಮರುವರ್ಷವೇ, 1899ರಲ್ಲಿ, ಆನಿಯೇರ್ ಎಂಬ ಊರಿನಲ್ಲಿ ನಾಯಿಗಳ ಸ್ಮಶಾನ ತೆರೆಯಿತು. ಅದನ್ನು ಶುರುಮಾಡಿದವರಲ್ಲಿ ಮಾರ್ಗರೀತ್ ದ್ಯೂರಾಂ ಒಬ್ಬರು. ಹೆಂಗಸರೇ ನಡೆಸುವ ಪತ್ರಿಕೆ ಕಟ್ಟಿದ ಪತ್ರಕರ್ತೆ ಆಕೆ.

ಪತ್ರಿಕೋದ್ಯಮ ಓದಿದ ನಮಗೆ ಈ ಕತೆಗಳು ಯಾಕೆ ಹಿಡಿಸಿದವು ಎಂದು ಬೇರೆ ಹೇಳಬೇಕಿಲ್ಲ. ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಗಿರಾಕಿಗಳನ್ನು ತಂದದ್ದು ಒಂದು ಸುದ್ದಿ. ಫ್ರಾನ್ಸಿನಲ್ಲಿ ಜಾಗ ಮಾಡಿಕೊಟ್ಟದ್ದು ಒಂದು ಕಾನೂನು, ನಡೆಸಿದವರಲ್ಲಿ ಒಬ್ಬರು ಪತ್ರಕರ್ತೆ. ಈಗ ಆ ಕೆಲಸವನ್ನು ಮೊಬೈಲು ಮಾಡುತ್ತಿದೆ. ರಾತ್ರಿ ಹನ್ನೊಂದಕ್ಕೆ ನಾಯಿ ಸತ್ತಿರುತ್ತದೆ, ಮಕ್ಕಳು ಅಳುತ್ತಿರುತ್ತಾರೆ, ಬಾಡಿಗೆ ಮನೆ, ಒಂದು ಗೇಣು ಮಣ್ಣಿಲ್ಲ. ಹತ್ತಿರದಲ್ಲಿ ಎಲ್ಲಿ ಎಂದು ಹುಡುಕುತ್ತಾರೆ. ಮೇಲೆ ಯಾರ ಹೆಸರು ಬರುತ್ತದೋ ಅವರಿಗೆ ಫೋನು. ದರ ಕೇಳುವ ಮನಸ್ಥಿತಿ ಆಗ ಯಾರಿಗೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಸುಮನಹಳ್ಳಿಯಲ್ಲಿ ಪಾಲಿಕೆಯ ಪ್ರಾಣಿ ಚಿತಾಗಾರವಿದೆ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳ ಸಮಾಧಿ ಜಾಗವಿದೆ. ಇವುಗಳ ಜೊತೆಗೆ ಈಗ ಖಾಸಗಿಯವರೂ ಬಂದಿದ್ದಾರೆ. ಅಲ್ಲಿನವರಿಗೆ ಇದು ಶೋಕಿ ಅಲ್ಲ, ಗತಿ. ಮೂರನೇ ಮಹಡಿಯಲ್ಲಿ ಇರುವವರು ಎಲ್ಲಿ ಗುಂಡಿ ತೋಡಬೇಕು?

ನಮ್ಮಲ್ಲಿ ಯಾರು ಹೂಳುತ್ತಿದ್ದರು?

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಮಣ್ಣಿಗೆ ಬರವಿಲ್ಲ. ನಾಯಿ ಸತ್ತರೆ ಬೇಲಿ ಪಕ್ಕ, ತೆಂಗಿನ ಬುಡ. ಸಾಕಿದ ಎತ್ತು ಸತ್ತರೆ ಅರಿಶಿನ ಕುಂಕುಮ ಇಟ್ಟು, ಹೊಲದಲ್ಲೇ ಗುಂಡಿ. ದೇವರ ಬಸವ ತೀರಿಕೊಂಡರಂತೂ ಊರಿಗೆ ಊರೇ ಸೇರಿ, ವಾದ್ಯದ ಜೊತೆ ಮೆರವಣಿಗೆ ಮಾಡಿ, ಗದ್ದುಗೆ ಕಟ್ಟಿಸುವುದುಂಟು. ಬೇಬಿ ಬೆಟ್ಟದ ಜಾತ್ರೆ, ಹೇಮಗಿರಿ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಯನ್ನು ಮಕ್ಕಳಂತೆ ನಿಲ್ಲಿಸಿಕೊಂಡು ಕೂರುವ ಜನ ನಾವು. ಪ್ರಾಣಿ ಸತ್ತರೆ ಅಳುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನಾಯಿಗೂ ನಮ್ಮಲ್ಲಿ ದೇವರ ಪಕ್ಕ ಜಾಗವಿದೆ. ಆದಿಚುಂಚನಗಿರಿಯ ಕಾಲಭೈರವನ ವಾಹನ ನಾಯಿಯೇ ಅಲ್ಲವೇ?

ಆದರೆ ಇದು ಅರ್ಧ ಕತೆ. ಇನ್ನರ್ಧ ಹೇಳಲು ನಾವು ಹಿಂದೆ ಮುಂದೆ ನೋಡುತ್ತೇವೆ. ಮುದ್ದಿನ ಎತ್ತಿಗೆ ಗುಂಡಿ ಸಿಕ್ಕಿತು, ಸರಿ. ರೋಗ ಬಂದು ಕೊಟ್ಟಿಗೆಯಲ್ಲಿ ಸತ್ತು ನಾರುತ್ತಿದ್ದ ದನವನ್ನು ಎತ್ತಿದವರು ಯಾರು? ಊರ ಹೊರಗಿನ ಕೇರಿಗೆ ಹೇಳಿಕಳಿಸುತ್ತಿದ್ದರು. ಹೊಲೆಯರು, ಮಾದಿಗರು ಬಂದು ಎಳೆದೊಯ್ಯಬೇಕಿತ್ತು. ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ಚರ್ಮ ಸುಲಿದು ಕೊಟ್ಟರೆ ಅದರಿಂದ ಊರಿಗೆ ಮೆಟ್ಟು, ಮಿಣಿ, ತಮಟೆ. ಎಲ್ಲ ಬೇಕಿತ್ತು, ಮಾಡಿದವರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇದನ್ನು ಪದ್ಧತಿ ಎಂದು ಕರೆದರು, ಕೂಲಿ ಎಂದು ಕರೆಯಲಿಲ್ಲ.

ಇದು ತಾನಾಗಿ ನಿಲ್ಲಲಿಲ್ಲ, ನಿಲ್ಲಿಸಿದರು. 1927ರಲ್ಲಿ ಮಹಾಡ್‌ನಲ್ಲಿ ಸೇರಿದ್ದ ಜನರಿಗೆ ಡಾ. ಬಿ.ಆರ್. ಅಂಬೇಡ್ಕರ್ ಹೇಳಿದ ಮಾತುಗಳಲ್ಲಿ ಸತ್ತ ದನ ಎಳೆಯುವುದನ್ನು, ಸತ್ತದ್ದರ ಮಾಂಸ ತಿನ್ನುವುದನ್ನು ಬಿಡಿ ಎನ್ನುವುದೂ ಇತ್ತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು ಹಳ್ಳಿ ಹಳ್ಳಿಯಲ್ಲಿ ಇಂಥ ಬಿಟ್ಟಿ ಕೆಲಸದ ವಿರುದ್ಧ ಮಾತೆತ್ತಿದರು. ಆಗೊಲ್ಲ ಎಂದವರಿಗೆ ಅಂಗಡಿಯಲ್ಲಿ ಸಾಮಾನು ಕೊಡದ, ಕೂಲಿಗೆ ಕರೆಯದ ಊರುಗಳೂ ಇದ್ದವು.

ಕಾನೂನೂ ಬಂತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯನ್ನು 1976ರಲ್ಲಿ ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಮಾಡಿದರು. ಅದರ 7ಎ ಕಲಮಿನ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಸತ್ತ ಪ್ರಾಣಿ ಎತ್ತುವಂತೆ, ಚರ್ಮ ಸುಲಿಯುವಂತೆ ಬಲವಂತ ಮಾಡಿದರೆ ಅಪರಾಧ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಪರಿಶಿಷ್ಟರ ಕೈಯಲ್ಲಿ ಹೆಣವನ್ನೋ ಸತ್ತ ಪ್ರಾಣಿಯನ್ನೋ ಹೊರಿಸುವುದು, ಗೋರಿ ತೋಡಿಸುವುದು ದೌರ್ಜನ್ಯ ಎಂದು ಅದರಲ್ಲಿ ಬರೆದಿದೆ.

ಈಗ ಮತ್ತೆ ಆತಕೂರಿನ ಕಲ್ಲಿಗೆ ಹೋಗಿ. ಅದರಲ್ಲಿ ಚಕ್ರವರ್ತಿಯ ಹೆಸರಿದೆ, ದೊರೆಯ ಹೆಸರಿದೆ, ಮಣಲೆರನ ಹೆಸರಿದೆ, ದೇವರ ಹೆಸರಿದೆ, ನಾಯಿಯ ಹೆಸರೂ ಇದೆ. ಬೆಳತೂರಿನ ಗುಡ್ಡದಿಂದ ಆ ನಾಯಿಯನ್ನು ಹೊತ್ತು ತಂದವರು ಯಾರು? ಗುಂಡಿ ತೋಡಿದವರು ಯಾರು? ಕಲ್ಲನ್ನು ಎಳೆದು ತಂದು ನಿಲ್ಲಿಸಿದವರು ಯಾರು? ಕಲ್ಲು ಅದನ್ನು ಹೇಳುವುದಿಲ್ಲ. ಇವತ್ತಿನ ಜಾಹೀರಾತು ನೋಡಿ. ಹೂವಿದೆ, ದೀಪವಿದೆ, ನಗುವ ನಾಯಿಯ ಫೋಟೋ ಇದೆ. ಸತ್ತ ನಾಯಿಯನ್ನು ಎತ್ತುವ ಕೈ ಅಲ್ಲೂ ಇಲ್ಲ. ಸಾವಿರ ವರ್ಷವಾದರೂ ಈ ಒಂದು ವಿಷಯದಲ್ಲಿ ಬದಲಾವಣೆ ಆದಂತೆ ಕಾಣುವುದಿಲ್ಲ.

ಅರ್ಜುನನ ಕಲ್ಲು

ಪ್ರಾಣಿಗೆ ಸ್ಮಾರಕ ಬೇಕು ಎಂದು ಜನ ಕೇಳುವುದು ನಿಂತಿಲ್ಲ ಎನ್ನುವುದಕ್ಕೆ ಇತ್ತೀಚಿನ ಒಂದು ಸಾಕ್ಷಿ ನಮ್ಮೆಲ್ಲರಿಗೂ ಗೊತ್ತಿದೆ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತಿತು. ದಬ್ಬಳ್ಳಿಕಟ್ಟೆಯಲ್ಲಿ ಅದನ್ನು ಹೂತರು. ಮಾವುತ ಅದನ್ನು ತಬ್ಬಿ ಅತ್ತ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಸ್ಮಾರಕ ಆಗಲೇಬೇಕು ಎಂದು ಜನ ಹಟ ಹಿಡಿದರು. ಸರ್ಕಾರ ಸ್ಮಾರಕ ಮಾಡುತ್ತೇವೆ ಎಂದು ಘೋಷಿಸಿತು.

ಕಾಳಿಯ ಕತೆಗೂ ಅರ್ಜುನನ ಕತೆಗೂ ಎಷ್ಟು ಹತ್ತಿರ ನೋಡಿ. ಎರಡೂ ರಾಜಮನೆತನದ ನಂಟಿದ್ದ ಪ್ರಾಣಿಗಳು. ಎರಡೂ ಮನುಷ್ಯ ಹೇಳಿದ ಕೆಲಸಕ್ಕೆ ಹೋಗಿ ಕಾಡುಪ್ರಾಣಿಯ ಎದುರು ಸತ್ತವು. ಒಂದು ವ್ಯತ್ಯಾಸವಿದೆ. ಅರ್ಜುನ ಸತ್ತಾಗ ಮಾವುತನ ಮುಖವೂ ಜನರಿಗೆ ಕಂಡಿತು. ಪ್ರಾಣಿಯ ಜೊತೆ ಅದನ್ನು ನೋಡಿಕೊಂಡವನೂ ನೆನಪಿನಲ್ಲಿ ಉಳಿದ. ನಮಗೆ ಅದು ದೊಡ್ಡ ವಿಷಯ ಅನ್ನಿಸಿತು.

ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಶುರುಮಾಡಿದರೆ

ಮೈಸೂರು ಹತ್ತಿರ, ಹೆದ್ದಾರಿ ಹತ್ತಿರ, ಸ್ವಲ್ಪ ಜಮೀನಿದೆ. ನಾಳೆ ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ಒಬ್ಬ ಹುಡುಗ ಇಂಥ ವ್ಯಾಪಾರ ಶುರುಮಾಡಿ ಮೊಬೈಲಿನಲ್ಲಿ ಜಾಹೀರಾತು ಹಾಕಿದರೆ ನಾವು ನಗುವುದಿಲ್ಲ. ಪಶ್ಚಿಮವಾಹಿನಿಗೆ, ಸಂಗಮಕ್ಕೆ ದೂರದೂರದಿಂದ ಅಸ್ಥಿ ತಂದು ಬಿಡುವ ಊರು ಅದು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವೂ ಪಶ್ಚಿಮವಾಹಿನಿಗೆ ಬಂದಿತ್ತು. ಸಾವಿನ ಸುತ್ತ ದುಡಿದು ಬದುಕುವುದು ಅಲ್ಲಿ ಹೊಸದಲ್ಲ, ಅವಮಾನವೂ ಅಲ್ಲ. ಆದರೆ ಅವನ ಜಾಹೀರಾತಿನಲ್ಲಿ ಕೆಲವು ಮಾತು ಇರಬೇಕು, ಇಲ್ಲದಿದ್ದರೆ ಗಿರಾಕಿಗಳು ಕೇಳಬೇಕು.

ಒಂದು, ಸುಡುವುದಾದರೆ ಒಂದೇ ಪ್ರಾಣಿಯನ್ನು ಸುಡುತ್ತೀರೋ, ನಾಲ್ಕಾರು ಸೇರಿಸಿ ಸುಡುತ್ತೀರೋ? ಸೇರಿಸಿ ಸುಟ್ಟರೆ ಕೊಡುವ ಬೂದಿ ನಮ್ಮ ನಾಯಿಯದೇ ಎನ್ನುವುದು ಸುಳ್ಳಾಗುತ್ತದೆ. ಸೇರಿಸಿ ಸುಡುವುದು ತಪ್ಪಲ್ಲ, ಖರ್ಚೂ ಕಡಿಮೆ. ಮುಚ್ಚಿಡುವುದು ತಪ್ಪು.

ಎರಡು, ಹೂಳುವುದಾದರೆ ಜಾಗ ಸ್ವಂತದ್ದೋ, ಗುತ್ತಿಗೆಯದೋ? ಎಷ್ಟು ವರ್ಷ? ಜಮೀನು ಮಾರಿದರೆ ಸಮಾಧಿಗಳ ಗತಿ ಏನು? ಶಾಶ್ವತ ಎಂದು ಬರೆಯುವ ಮೊದಲು ಎರಡು ಖಂಡುಗ ಗದ್ದೆಯ ನೆನಪಿರಲಿ. ಅಷ್ಟು ಬಿಟ್ಟವರ ಕಲ್ಲೇ ಊರಿನಲ್ಲಿ ಉಳಿಯಲಿಲ್ಲ.

ಮೂರು, ಗುಂಡಿ ಎಷ್ಟು ಆಳ, ಬಾವಿ ಕೆರೆ ಬೋರ್‌ವೆಲ್‌ನಿಂದ ಎಷ್ಟು ದೂರ? ಗ್ರಾಮ ಪಂಚಾಯಿತಿಗೆ ತಿಳಿಸಿದ್ದೀರಾ? ಪ್ರಾಣಿ ಯಾವ ರೋಗದಿಂದ ಸತ್ತಿತು ಎಂದು ಕೇಳಿ ಬರೆದಿಡುತ್ತೀರಾ? ನೆರಡಿ ರೋಗದಿಂದ ಸತ್ತ ದನ ಕುರಿಯನ್ನು ಕೊಯ್ಯಲೇಬಾರದು. ಅದರ ಬೀಜಾಣು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಪಶುವೈದ್ಯರಿಗೆ ಹೇಳಬೇಕು. ಇದು ಮನೆಯ ಹಿತ್ತಲಲ್ಲಿ ಹೂಳುವವರಿಗೂ ಅನ್ವಯ. ಆಳವಾದ ಗುಂಡಿ, ಮೇಲೆ ಸುಣ್ಣ, ಬೀದಿನಾಯಿ ಕೆದಕದ ಹಾಗೆ ಮಣ್ಣು.

ನಾಲ್ಕು, ಮುಖ್ಯವಾದದ್ದು. ಎತ್ತುವವರು ಯಾರು? ಅವರಿಗೆ ತಿಂಗಳ ಸಂಬಳವಿದೆಯೇ, ಕೈಗವಸು ಬೂಟು ಇದೆಯೇ, ರೇಬೀಸ್ ಲಸಿಕೆ ಹಾಕಿಸಿದ್ದೀರಾ? ಎಲ್ಲ ಜಾತಿಯ ಹುಡುಗರೂ ಆ ಕೆಲಸ ಮಾಡುತ್ತಾರೋ, ಅಥವಾ ಮಾಲೀಕ ಒಬ್ಬ, ಫೋನು ಎತ್ತುವವನು ಇನ್ನೊಬ್ಬ, ಹೆಣ ಎತ್ತುವವನು ಮಾತ್ರ ಅದೇ ಹಳೇ ಕೇರಿಯವನೋ? ಕೆಲಸವನ್ನು ಇಷ್ಟಪಟ್ಟು, ಒಳ್ಳೆಯ ಸಂಬಳಕ್ಕೆ ಯಾರು ಬೇಕಾದರೂ ಮಾಡಲಿ. ಹಳೇ ಬಿಟ್ಟಿಯನ್ನೇ ಹೊಸ ಹೆಸರಿನಲ್ಲಿ, ಇಂಗ್ಲಿಷ್ ಬೋರ್ಡಿನಡಿ ತರುವುದು ಬೇಡ.

ಈ ನಾಲ್ಕಕ್ಕೂ ನೇರ ಉತ್ತರ ಕೊಡುವ ಜಾಹೀರಾತು ಬಂದರೆ ಅದನ್ನು ನಾವೇ ಹತ್ತು ಜನಕ್ಕೆ ಕಳಿಸುತ್ತೇವೆ.

ಕೊನೆಗೆ

ಆತಕೂರಿನ ಗೊರವನಿಗೆ ಇದ್ದ ಕಟ್ಟಳೆಯನ್ನು ಇನ್ನೊಮ್ಮೆ ನೆನೆಯಿರಿ. ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು. ಸತ್ತ ನಾಯಿಯ ಹೆಸರಿನಲ್ಲಿ ಬಂದ ಗದ್ದೆಯ ಅನ್ನ ಉಣ್ಣುವವನು ಮೊದಲು ಆ ನಾಯಿಯ ಋಣ ತೀರಿಸಬೇಕು ಎನ್ನುವುದು ಅದರ ಅರ್ಥ. ದುಃಖದಲ್ಲಿರುವವರ ದುಡ್ಡಿನಿಂದ ವ್ಯಾಪಾರ ಮಾಡುವ ಎಲ್ಲರಿಗೂ ಇದು ಸಲ್ಲುತ್ತದೆ. ಗುಂಡಿ ತೋಡಿದವನಿಗೆ ಕೂಲಿ ಕೊಡದೆ ಉಣ್ಣಬಾರದು ಎಂದು ನಾವು ಒಂದು ಸಾಲು ಸೇರಿಸುತ್ತೇವೆ, ಅಷ್ಟೇ.

ನಿಮ್ಮ ಊರಿನ ಕೆರೆ ಏರಿ, ಗುಡಿ, ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲುಗಳನ್ನು ಈ ವಾರ ಒಮ್ಮೆ ನೋಡಿ. ಬಟ್ಟೆ ಒಗೆಯುವ ಕಲ್ಲಾಗಿದ್ದರೆ, ಚರಂಡಿ ಮೇಲಿನ ಚಪ್ಪಡಿಯಾಗಿದ್ದರೆ ಮಗುಚಿ ನೋಡಿ. ಮನುಷ್ಯನ ಪಕ್ಕ ನಾಯಿಯೋ ಎತ್ತೋ ಕುದುರೆಯೋ ಇದ್ದರೆ ಫೋಟೋ ತೆಗೆದಿಡಿ, ಊರ ಶಾಲೆಯ ಮೇಷ್ಟರಿಗೆ ತೋರಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಹಿಂದೆ ದನ ಸತ್ತಾಗ ಯಾರು ಬಂದು ಎತ್ತುತ್ತಿದ್ದರು, ಅವರಿಗೆ ಏನು ಕೊಡುತ್ತಿದ್ದಿರಿ ಎಂದು ಕೇಳಿ. ಅವರು ಹೇಳುವ ಹೆಸರುಗಳನ್ನು ಬರೆದಿಡಿ. ಕಲ್ಲಿನಲ್ಲಿ ಬರದೆ ಹೋದ ಹೆಸರುಗಳು ಅವು.